ಹೆತ್ತ ಹಸು ಯಾವುದು?

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮದು ಹಾಸನ ಜಿಲ್ಲೆ, ಆಲೂರು ತಾಲ್ಲೂಕು. ಚಿಕ್ಕಪ್ಪನ ಮಗ ಜಗಲಿಯಲ್ಲಿ ಕೂತು ಅವ್ವನಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸುತ್ತಿದ್ದ. ಹರಿಯಾಣದ ಕರ್ನಾಲ್‌ನಲ್ಲಿ, ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ, 2023ರ ಮಾರ್ಚ್‌ನಲ್ಲಿ ಹುಟ್ಟಿದ ಗಿರ್ ತಳಿಯ ಕರು. ಹೆಸರು ಗಂಗಾ. ಹೋರಿ ಬೇಕಿಲ್ಲದೆ, ಒಂದು ಹಸುವಿನ ಜೀವಕೋಶದಿಂದ ಮಾಡಿದ ಕ್ಲೋನ್. "ದೊಡ್ಡವ್ವ, ಇನ್ಮೇಲೆ ಒಳ್ಳೆ ಹಸು ಸತ್ರೂ ಚಿಂತೆ ಇಲ್ಲ, ಅದನ್ನೇ ಇನ್ನೊಂದ್ಸಲ ಹುಟ್ಟಿಸಬಹುದು" ಅಂದ. ಹುಟ್ಟಿದಾಗ ಮೂವತ್ತೆರಡು ಕೆಜಿ ಇತ್ತು ಅಂತಲೂ ಹೇಳಿದ. ಅವ್ವ ವಿಡಿಯೊ ಪೂರ್ತಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. "ಹೆತ್ತ ಹಸು ಯಾವ್ದು ಮಗ?"

ವಿಡಿಯೊದಲ್ಲಿ ಅದು ಇರಲಿಲ್ಲ.

ಅವ್ವ ಯಾಕೆ ಹಾಗೆ ಕೇಳಿದಳು ಅಂತ ನನಗೆ ಗೊತ್ತು. ಹದಿನೈದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕೆಂಚಿ ಇದ್ದಳು. ಮಲೆನಾಡು ಗಿಡ್ಡ. ನನ್ನ ಸೊಂಟದಷ್ಟೇ ಎತ್ತರ, ಹಣೆಯಲ್ಲಿ ಒಂದು ಬಿಳಿ ಚುಕ್ಕೆ. ಹಾಲು ಜಾಸ್ತಿ ಬರಲಿ ಅಂತ ಆ ಸಲ ಬೆದೆಗೆ ಬಂದಾಗ ದೊಡ್ಡ ಜಾತಿಯ ಹೋರಿಯ ವೀರ್ಯದ ಇಂಜೆಕ್ಷನ್ ಹಾಕಿಸಿದೆವು. ಒಂಬತ್ತು ತಿಂಗಳು ತುಂಬಿತು. ಆಷಾಢದ ಮಳೆ, ಕರೆಂಟ್ ಇಲ್ಲ. ಎರಡು ಗೊರಸು ಹೊರಗೆ ಬಂದು ಹಾಗೇ ನಿಂತವು. ಅವ್ವ ಕೈಗೆ ಹರಳೆಣ್ಣೆ ಹಚ್ಚಿಕೊಂಡು ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂತಳು. ಬೆಳಗಿನ ಜಾವ ಮೂರು ಜನ ಹಗ್ಗ ಕಟ್ಟಿ ಎಳೆದರು. ಕರು ಸತ್ತೇ ಬಂತು, ತಾಯಿಗೆ ಮೀರಿದ ಗಾತ್ರ. ಕೆಂಚಿ ಮತ್ತೆ ಮೇಲೇಳಲಿಲ್ಲ. ಮೂರನೇ ದಿನ ಹೋದಳು. "ಅದರ ಹೊಟ್ಟೆ ಎಷ್ಟು ಅಂತ ನಾವು ನೋಡ್ಬೇಕಿತ್ತು" ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ.

ಕ್ಲೋನ್ ಸರಿಯೋ ತಪ್ಪೋ ಅನ್ನುವ ಮಾತು ಬಂದಾಗೆಲ್ಲ ನಾವು "ದೇವರ ಕೆಲಸಕ್ಕೆ ಕೈ ಹಾಕಬಹುದಾ" ಅನ್ನುವಲ್ಲೇ ನಿಲ್ಲುತ್ತೇವೆ. ನನಗೆ ಅವ್ವನ ಪ್ರಶ್ನೆಯೇ ದೊಡ್ಡದು ಅನಿಸುತ್ತದೆ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಕ್ಲೋನ್ ಕುರಿ ಡಾಲಿ ಹುಟ್ಟಿದಳಲ್ಲ, ಅವಳ ಹಿಂದೆ ಮೂರು ಕುರಿ ಇದ್ದವು. ಒಂದರ ಕೆಚ್ಚಲಿನ ಜೀವಕೋಶ, ಇನ್ನೊಂದರ ತಿರುಳು ತೆಗೆದ ಅಂಡಾಣು, ಮತ್ತೊಂದರ ಗರ್ಭ. 277 ಸಲ ಕೋಶ ಕೂಡಿಸಿದ್ದಕ್ಕೆ 29 ಭ್ರೂಣ ಸಿಕ್ಕವು. ಅವನ್ನು 13 ಕುರಿಗಳಿಗೆ ಇಟ್ಟರು. ಉಳಿದಿದ್ದು ಡಾಲಿ ಒಬ್ಬಳೇ. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ಕ್ಲೋನ್ ನಾಯಿ ಹುಟ್ಟಿತು. ಅದಕ್ಕೆ 123 ಹೆಣ್ಣು ನಾಯಿಗಳ ಹೊಟ್ಟೆಗೆ 1,095 ಭ್ರೂಣ ಹಾಕಿದ್ದರು. ಹುಟ್ಟಿದ್ದು ಎರಡು ಮರಿ, ಒಂದು ಮೂರು ವಾರಕ್ಕೆ ಸತ್ತಿತು. ಕರ್ನಾಲ್‌ನಲ್ಲೇ 2009ರಲ್ಲಿ ಹುಟ್ಟಿದ ಎಮ್ಮೆ ಕರು ಸಮರೂಪಾ ಒಂದು ವಾರವೂ ಬದುಕಲಿಲ್ಲ. ಕ್ಲೋನ್ ಕರು ಹೊಟ್ಟೆಯಲ್ಲೇ ಅಳತೆ ಮೀರಿ ಬೆಳೆಯುವುದುಂಟು, ಹೆರಿಗೆಯಾದ ಮೇಲೆ ಬೀಳುವ ಕಸದಲ್ಲಿ (ಮಾಸು) ತೊಂದರೆ ಆಗುವುದುಂಟು. ಇದನ್ನು ವಿಜ್ಞಾನಿಗಳೇ ಬರೆದಿದ್ದಾರೆ. ಓದುವಾಗ ನನಗೆ ಕೆಂಚಿಯ ಆ ಎರಡು ಗೊರಸೇ ಕಣ್ಣ ಮುಂದೆ ಬಂದವು.

ಹೋಗಲಿ, ಇಷ್ಟೆಲ್ಲ ಮಾಡಿದ ಮೇಲೆ ಹಳೆಯದು ವಾಪಸ್ ಬರುತ್ತದಾ? 2001ರಲ್ಲಿ ಅಮೆರಿಕದಲ್ಲಿ ಮೊದಲ ಕ್ಲೋನ್ ಬೆಕ್ಕು ಹುಟ್ಟಿದಾಗ ಅದರ ಮೈಬಣ್ಣವೇ ಮೂಲ ಬೆಕ್ಕಿನ ಹಾಗೆ ಇರಲಿಲ್ಲ.

ಆಲೂಗಡ್ಡೆ ಬೆಳೆಯುವ ನಮಗೆ ಕ್ಲೋನ್ ಹೊಸದೇನಲ್ಲ. ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರುತ್ತದೆ. ಮೊಳಕೆಯ ಕಣ್ಣು ನೋಡಿ ಹೆಚ್ಚಿ ನೆಡುತ್ತೇವೆ. ಒಂದು ತಳಿ ಅಂದರೆ ಅಷ್ಟೂ ಗಿಡ ಒಂದರ ನಕಲು. ಗಡ್ಡೆಗೆ ಹೆರಿಗೆ ನೋವಿಲ್ಲ, ಹಾಗಾಗಿ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಅಂಗಮಾರಿ ಬಿದ್ದ ವರ್ಷ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲ ಅಂದರೆ ಪಕ್ಕದ್ದಕ್ಕೂ ಇಲ್ಲ. ವಾರದೊಳಗೆ ಹೊಲಕ್ಕೆ ಹೊಲವೇ ಕಪ್ಪು. ಐರ್ಲೆಂಡಿನ ಬಡವರು ಹೆಚ್ಚಾಗಿ ಒಂದೇ ತಳಿ ನೆಟ್ಟಿದ್ದರು, 1845ರಲ್ಲಿ ಇದೇ ರೋಗ ಬಂತು, ಆಮೇಲಿನ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ದನದ ಹಿಂಡನ್ನೂ ಹಾಗೇ ಒಂದೇ ಅಚ್ಚಿನಲ್ಲಿ ತೆಗೆಯೋಣ ಅಂದರೆ ನನಗೆ ಭಯವಾಗುತ್ತದೆ.

ಅಳಿದು ಹೋಗುವ ತಳಿ ಉಳಿಸೋಕೆ ಬೇಕಲ್ವಾ ಅಂತ ಕೇಳುತ್ತಾರೆ. ಜೀವಕೋಶ, ವೀರ್ಯ ತೆಗೆದಿಡಲಿ, ಖಂಡಿತ ಬೇಕು. ಆದರೆ ಅಜ್ಜಂಪುರದ ಕಡೆ ಹೋಗಿ ನೋಡಿ. ಅಮೃತಮಹಲ್ ತಳಿಯ ದನಗಳು ಮೇಯಲಿ ಅಂತ ಬಿಟ್ಟಿದ್ದ ಕಾವಲುಗಳು ಎಷ್ಟು ಕರಗಿವೆ! ಕ್ಲೋನ್ ಮಾಡಿದ ಹೋರಿಯೂ ಹುಲ್ಲನ್ನೇ ಮೇಯಬೇಕು. ಕಾವಲು ಉಳಿಸಿದರೆ ದನ ತಾನಾಗಿ ಕರು ಹಾಕುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ ನನ್ನ ಉತ್ತರ ಬೇಡ, ಅಷ್ಟೆ. ನಮ್ಮ ದೇಶದ ನಿಯಮವೂ ಕ್ಲೋನ್ ಮಾಡಿ ಮಗು ಹುಟ್ಟಿಸುವುದನ್ನು ಒಪ್ಪುವುದಿಲ್ಲ. 2018ರಲ್ಲಿ ಚೀನಾದವರು ಎರಡು ಕ್ಲೋನ್ ಕೋತಿಗಳನ್ನು ತೋರಿಸಿದ ಮೇಲೆ ಇದು ಬರೀ ಕಥೆಯಾಗಿ ಉಳಿದಿಲ್ಲ. ಅಲ್ಲೂ ಅವ್ವನ ಪ್ರಶ್ನೆಯೇ. ಆ ಅಂಡಾಣು ಯಾರದ್ದು, ಆ ಗರ್ಭ ಯಾರದ್ದು? ಕೊರಿಯಾದ ಆ ನಾಯಿಮರಿ ಹುಟ್ಟಿಸಿದ ತಂಡದ ಮುಖ್ಯಸ್ಥ ಹ್ವಾಂಗ್ ವೂ ಸುಕ್, ಮನುಷ್ಯರ ಕ್ಲೋನ್ ಭ್ರೂಣ ಮಾಡಿದ್ದೇನೆ ಅಂತಲೂ ಹೇಳಿದ್ದ. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಅಂಡಾಣು ಬಳಸಿ ಆಗಿತ್ತು. ಅದರಲ್ಲಿ ಅವನದೇ ಲ್ಯಾಬಿನ ಕಿರಿಯ ಹೆಣ್ಣುಮಕ್ಕಳದ್ದೂ ಇತ್ತು. ನಮ್ಮಲ್ಲಿ ಬಾಡಿಗೆ ತಾಯ್ತನದ 2021ರ ಕಾನೂನು ಬರುವ ತನಕ ದುಡ್ಡಿಗೆ ಬೇರೆಯವರ ಮಗು ಹೆತ್ತುಕೊಟ್ಟವರು ಯಾರು? ಬಡವರ ಮನೆ ಹೆಂಗಸರು. ನೂರು ಸಲ ಸೋತು ಒಂದು ಸಲ ಗೆಲ್ಲುವ ಕೆಲಸಕ್ಕೆ ಶ್ರೀಮಂತರ ಮನೆಯಿಂದ ಯಾರೂ ಬರುವುದಿಲ್ಲ.

ಇನ್ನು ಹುಟ್ಟುವ ಆ ಮಗು. ನನಗೆ ತಾತನ ಹೆಸರಿಟ್ಟಿದ್ದಾರೆ. ಹೆಸರು ಕೊಟ್ಟರು, ನಾನು ತಾತನ ಹಾಗೆ ಆಗಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸತ್ತ ಮಗನ ಜಾಗ ತುಂಬೋಕೆ ಅಂತಲೇ ಹುಟ್ಟಿಸಿದ ಮಗುವಿಗೆ ಆ ಬಿಡುಗಡೆ ಎಲ್ಲಿ ಸಿಗುತ್ತದೆ?

ಕೆಂಚಿಯ ಮೊಮ್ಮಗಳು ಈಗ ನಮ್ಮ ಕೊಟ್ಟಿಗೆಯಲ್ಲಿದ್ದಾಳೆ. ಹಣೆಯಲ್ಲಿ ಬಿಳಿ ಚುಕ್ಕೆ ಇಲ್ಲ, ಕೆಂಚಿಯಷ್ಟು ಸಾಧುವೂ ಅಲ್ಲ, ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಾಳೆ. ಹೋದ ತಿಂಗಳು ಬೆದೆಗೆ ಬಂದಾಗ ಅವ್ವ ಇಂಜೆಕ್ಷನ್‌ಗೆ ಹೇಳಿಕಳಿಸಲಿಲ್ಲ. ಪಕ್ಕದೂರಲ್ಲಿ ಗಿಡ್ಡ ಹೋರಿ ಸಾಕಿದವರ ಮನೆಗೆ ಮೂರು ಮೈಲಿ ನಡೆಸಿಕೊಂಡು ಹೋಗಿ, ಸಂಜೆಗೆ ವಾಪಸ್ ಕರೆದುಕೊಂಡು ಬಂದಳು.