ಏಮಿ ಹತ್ತದ ಬಸ್ಸು

ಈ ಪೋಸ್ಟನ್ನ ಮೂರು ವಾರದಿಂದ ಬರೀತಾ ಇದೀನಿ, ಟೈಪ್ ಮಾಡೋದು ಅಳಿಸೋದು, ಮತ್ತೆ ಟೈಪ್ ಮಾಡೋದು. ಇವತ್ತು ಹಾಕೇ ಬಿಡ್ತೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ನೆಟ್‌ಫ್ಲಿಕ್ಸಲ್ಲಿ 'ಸೆಕ್ಸ್ ಎಜುಕೇಶನ್' ಅಂತ ಒಂದು ಬ್ರಿಟಿಷ್ ಸೀರೀಸ್ ಇದೆ. 2019ರ ಜನವರೀಲಿ ಶುರುವಾಗಿದ್ದು, 2023ರ ಸೆಪ್ಟೆಂಬರಲ್ಲಿ ನಾಲ್ಕನೇ ಸೀಸನ್ನಿಗೆ ಮುಗೀತು, ಒಂದೊಂದು ಸೀಸನ್ನಲ್ಲೂ ಎಂಟೆಂಟು ಎಪಿಸೋಡು. ಬರೆದೋಳು ಲಾರಿ ನನ್ ಅನ್ನೋ ಹೆಣ್ಣುಮಗಳು. ಹೆಸರು ನೋಡಿನೇ ನಾನು ಇಷ್ಟು ವರ್ಷ ಅದರ ತಂಟೆಗೆ ಹೋಗಿರ್ಲಿಲ್ಲ, ಯಾಕಂದ್ರೆ ಮನೇಲಿ ಟಿವಿಗೆ ಎಲ್ರದ್ದೂ ಸೇರಿ ಒಂದೇ ಪ್ರೊಫೈಲು, ಅರ್ಧ ನೋಡಿ ಬಿಟ್ಟಿದ್ದೆಲ್ಲ ಮೊದಲನೇ ಸಾಲಲ್ಲೇ ಬಂದು ಕೂತಿರತ್ತೆ, ಅಲ್ಲಿ ಈ ಹೆಸರು ಕಂಡ್ರೆ ಯಾರು ಏನಂದ್ಕೋತಾರೋ ಅಂತ. ಕೊನೆಗೆ ನೋಡಿದ್ದು ಫೋನಲ್ಲಿ, ಎಲ್ರೂ ಮಲಗಿದ ಮೇಲೆ, ಇಯರ್‌ಫೋನ್ ಹಾಕ್ಕೊಂಡು, ಬ್ರೈಟ್‌ನೆಸ್ ಪೂರ್ತಿ ಇಳಿಸ್ಕೊಂಡು. ನಲವತ್ತು ದಾಟಿದ ಹೆಂಗಸು ನಾನು. ಒಂದು ಹೆಸರಿಗೆ ಅಷ್ಟು ಹೆದರಿದ್ದೆ.

ಕತೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಮೂರ್ಡೇಲ್ ಅಂತ ಒಂದು ಊರು, ಅಲ್ಲೊಂದು ಹೈಸ್ಕೂಲು. ಓಟಿಸ್ ಅನ್ನೋ ಹದಿನಾರರ ಹುಡುಗ, ಅವನ ತಾಯಿ ಜೀನ್ ಸೆಕ್ಸ್ ಥೆರಪಿಸ್ಟು, ಮನೇಲೇ ಕ್ಲಿನಿಕ್ಕು. ಗೋಡೆಯಾಚೆಯಿಂದ ಕೇಳಿಸ್ಕೊಂಡು ಕೇಳಿಸ್ಕೊಂಡು ಇವನಿಗೆ ಲೋಕದ ಸಮಸ್ಯೆಯೆಲ್ಲ ಬಾಯಿಪಾಠ, ಆದ್ರೆ ತನ್ನ ಮೈಯಂದ್ರೆ ತನಗೇ ಭಯ. ಮೇವ್ ಅನ್ನೋ ಜಾಣೆ ಹುಡುಗಿ, ದುಡ್ಡಿಲ್ಲದೋಳು, ಇವನನ್ನ ಹಿಡ್ಕೊಂಡು ಶಾಲೆಯ ಪಾಳುಬಿದ್ದ ಟಾಯ್ಲೆಟ್ಟಲ್ಲಿ ಉಳಿದ ಹುಡುಗ್ರಿಗೆ ಸಲಹೆ ಕೊಡಿಸೋ ಕೆಲಸ ಶುರು ಮಾಡ್ತಾಳೆ, ಫೀಸ್ ತಗೊಂಡು. ಇಷ್ಟೇ ಕೇಳಿದ್ರೆ ಪೋಲಿ ಕಾಮಿಡಿ ಅನ್ಸತ್ತೆ. ಮೊದಲ ಹತ್ತು ನಿಮಿಷ ನಂಗೂ ಹಾಗೇ ಅನ್ಸಿತ್ತು.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು, ಈ ಬರಹದಲ್ಲಿ ನಾನು ಹೇಳ್ಬೇಕು ಅಂತಿರೋದೂ ಅದನ್ನೇ. ಇದು ನಗಿಸತ್ತೆ, ಚೆನ್ನಾಗೇ ನಗಿಸತ್ತೆ, ಆದ್ರೆ ಕಷ್ಟದಲ್ಲಿರೋರನ್ನ ನೋಡಿ ನಗು ಅನ್ನಲ್ಲ. ನಾವು ಚಿಕ್ಕಂದಿನಿಂದ ನೋಡ್ಕೊಂಡು ಬಂದ ಕಾಮಿಡಿಯಲ್ಲಿ ಗಂಡಸು ಸೀರೆ ಉಟ್ಟು ಬಂದ್ರೆ ಅದೇ ಜೋಕು, ತೊದಲೋನು ಜೋಕು, ಮಕ್ಕಳಾಗದೋನು ಜೋಕು. ಇಲ್ಲಿ ನಗು ಬರೋದು ನಮ್ಮ ಅಜ್ಞಾನಕ್ಕೆ, ನಾವು ಮುಚ್ಚಿಡೋಕೆ ಪಡೋ ಪಾಡಿಗೆ. ಎರಡನೇ ಸೀಸನ್ ಶುರುವಾಗೋದೇ ಶಾಲೇಲಿ ಕ್ಲಮಿಡಿಯಾ ಹಬ್ಬಿದೆ ಅನ್ನೋ ಗುಲ್ಲಿಂದ. ಅದು ಲೈಂಗಿಕ ಸಂಪರ್ಕದಿಂದ ಬರೋ ಸೋಂಕು, ಆಂಟಿಬಯಾಟಿಕ್ ತಗೊಂಡ್ರೆ ವಾಸಿ ಆಗತ್ತೆ. ಆದ್ರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಗಾಳೀಲಿ ಹರಡತ್ತೆ ಅಂದ್ಕೊಂಡು ಮಕ್ಕಳು ಮಾಸ್ಕ್ ಹಾಕ್ಕೊಂಡು ಓಡಾಡ್ತಾವೆ, ಒಬ್ಬಳು ಹುಡುಗಿಯನ್ನ ಮೂಲೆಗೆ ತಳ್ತಾರೆ. ನಕ್ಕೂ ನಕ್ಕೂ ಸಾಕಾಗತ್ತೆ, ಆಮೇಲೆ ಆ ಹುಡುಗಿಯ ಮುಖ ನೋಡಿ ನಗು ತಾನಾಗೇ ನಿಲ್ಲತ್ತೆ. ಇದು ಬಂದಿದ್ದು 2020ರ ಜನವರೀಲಿ. ಅದಾದ ಎರಡು ತಿಂಗಳಿಗೆ ಜಗತ್ತೇ ಮಾಸ್ಕ್ ಹಾಕ್ಕೊಳ್ತು, ಒಬ್ರನ್ನೊಬ್ರು ಮೂಲೆಗೆ ತಳ್ತು.

ಎರಿಕ್ ಇದಾನಲ್ಲ, ಓಟಿಸ್‌ನ ಜೀವದ ಗೆಳೆಯ, ಗೇ ಹುಡುಗ, ಆಫ್ರಿಕನ್ ಮೂಲದ, ಚರ್ಚಿಗೆ ತಪ್ಪದೆ ಹೋಗೋ ಕುಟುಂಬದೋನು. ಹುಟ್ಟುಹಬ್ಬದ ದಿನ ವಿಗ್ಗು, ಮೇಕಪ್ಪು ಎಲ್ಲ ಹಾಕ್ಕೊಂಡು ಸಂಭ್ರಮದಲ್ಲಿ ಹೊರಡ್ತಾನೆ, ನಾವೂ ಅವನ ಜೊತೆ ನಗ್ತಾ ಇರ್ತೀವಿ, ಅದೇ ರಾತ್ರಿ ಅದೇ ವೇಷಕ್ಕೆ ರಸ್ತೇಲಿ ಒದೆ ತಿಂತಾನೆ. ಅವರಪ್ಪ ಕೆಟ್ಟೋನಲ್ಲ. ಮಗನನ್ನ ಕಂಡ್ರೆ ಸಿಟ್ಟಿಲ್ಲ ಅವನಿಗೆ, ಲೋಕ ಏನು ಮಾಡ್ಬಿಡತ್ತೋ ಅನ್ನೋ ಭಯ. ಮುಂದೆ ಡ್ಯಾನ್ಸ್ ದಿನ ಮಗ ಮತ್ತೆ ಕಣ್ಣಿಗೆ ಬಣ್ಣ ಹಚ್ಕೊಂಡು ಹೊರಟಾಗ ಕಾರಲ್ಲಿ ಬಿಟ್ಟು ಬರ್ತಾನೆ, ಬಾಗಿಲ ಹತ್ರ ನಿಂತು ಮಗನ ಧೈರ್ಯದಿಂದ ತಾನು ಕಲೀತಿದೀನೇನೋ ಅನ್ನೋ ಅರ್ಥದ ಒಂದು ಮಾತಾಡ್ತಾನೆ. ಆ ಅಪ್ಪನ್ನ ನಂಗೆ ಗೊತ್ತು ಅನ್ಸಿತು. ಚರ್ಮದ ಬಣ್ಣ, ದೇವರು, ದೇಶ ಎಲ್ಲ ಬೇರೆ, ಭಯ ಮಾತ್ರ ಥೇಟ್ ನಮ್ಮಪ್ಪಂದಿರದ್ದೇ.

ಅಬಾರ್ಷನ್ ಎಪಿಸೋಡ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಮೇವ್ ಕ್ಲಿನಿಕ್ಕಿಗೆ ಹೋಗ್ತಾಳೆ, ಮುಗಿದ ಮೇಲೆ ಕರ್ಕೊಂಡು ಹೋಗೋಕೆ ಒಬ್ರು ಬೇಕು, ಅವಳಿಗೆ ಯಾರಿಲ್ಲ, ಓಟಿಸ್‌ನ ಬರೋಕೆ ಹೇಳ್ತಾಳೆ. ಅವನು ಡೇಟ್ ಅಂದ್ಕೊಂಡು ಸೂಟ್ ಹಾಕ್ಕೊಂಡು ಬರ್ತಾನೆ. ಹೊರಗೆ ಅಬಾರ್ಷನ್ ಬೇಡ ಅಂತ ಬೋರ್ಡ್ ಹಿಡಿದು ನಿಂತಿರೋ ಜೋಡಿ, ಅವರ ಜಗಳ ಬಿಡಿಸ್ತಾ ಇವನು, ಅದೆಲ್ಲ ತಮಾಷೆ. ಒಳಗಡೆ ಮಾತ್ರ ಬೇರೆ ಲೋಕ. ಪಕ್ಕದ ಬೆಡ್ಡಲ್ಲಿ ವಯಸ್ಸಾದ ಒಬ್ಬಾಕೆ, ಆಗ್ಲೇ ಮಕ್ಕಳಿರೋಳು. ಹುಟ್ಟಲಿ ಅಂತ ಬಿಟ್ಟ ಮಕ್ಕಳ ಬಗ್ಗೆನೇ ತನಗೆ ಹೆಚ್ಚು ಪಾಪಪ್ರಜ್ಞೆ ಅಂತಾಳೆ. ಯಾರೂ ಎದೆ ಬಡ್ಕೊಳ್ಳಲ್ಲ, ಹಿನ್ನೆಲೇಲಿ ಪಿಟೀಲು ಕುಯ್ಯಲ್ಲ. ಮೇವ್ ಹೊರಗೆ ಬಂದಾಗ ಅವನ ಕೈಲಿ ಹೂಗುಚ್ಛ. ತಂದಿದ್ದಕ್ಕೆ ಅವನಿಗೇ ಮುಜುಗರ. ಅವಳು ತಗೋತಾಳೆ. ಅಷ್ಟೇ ಸೀನು. ಎಷ್ಟು ಜನ ಹೆಂಗಸರು ಇಂಥಾ ದಿನ ಒಬ್ಬರೇ ಆಟೋ ಹತ್ತಿ ಮನೆಗೆ ಬಂದು ರಾತ್ರಿ ಅಡುಗೆಗೆ ನಿಂತಿದಾರೋ, ಅವರೆಲ್ಲ ಆ ಹೂಗುಚ್ಛ ನೋಡ್ಬೇಕು.

ಈಗ ಏಮಿ ವಿಷಯ. ಇದಕ್ಕೇ ಇಷ್ಟು ದಿನ ತಗೊಂಡಿದ್ದು ನಾನು.

ಏಮಿ ಅಂದ್ರೆ ಆ ಶಾಲೇಲಿ ಎಲ್ರನ್ನೂ ನೋಡಿ ನಗೋ ಹುಡುಗಿ, ಸ್ವಲ್ಪ ಪೆದ್ದು ಅಂತ ನಾವೇ ಅಂದ್ಕೊಂಡಿರ್ತೀವಿ. ಮೇವ್ ಬರ್ತ್‌ಡೇಗೆ ಕೈಯಾರೆ ಕೇಕ್ ಮಾಡ್ಕೊಂಡು ಬಸ್ ಹತ್ತಿದಾಳೆ. ರಶ್ಶು. ಹಿಂದೆ ನಿಂತಿದ್ದ ಒಬ್ಬ ಗಂಡಸು ಅವಳ ಜೀನ್ಸ್ ಮೇಲೆ ಹೊಲಸು ಕೆಲಸ ಮಾಡ್ತಾನೆ. ಅವಳು ಇಳಿದು ನಡ್ಕೊಂಡು ಶಾಲೆಗೆ ಬರ್ತಾಳೆ. ಅವಳ ತಲೇಲಿ ಇರೋದು ಜೀನ್ಸು, ಇಷ್ಟದ ಜೀನ್ಸ್ ಹಾಳಾಯ್ತು ಅಂತ. ಮೇವ್ ಹೌಹಾರಿ ಪೊಲೀಸ್ ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತಾಳೆ, ಇವಳಿಗೆ ಇದೊಂದು ದೊಡ್ಡ ವಿಷಯನೇ ಅಲ್ಲ ಅನ್ನೋ ಥರ. ಆಮೇಲಿನ ಎಪಿಸೋಡುಗಳಲ್ಲಿ ಬಸ್ ಬರತ್ತೆ, ಬಾಗಿಲು ತೆಗೆಯತ್ತೆ, ಅವಳಿಗೆ ಹತ್ತೋಕಾಗಲ್ಲ. ಅಷ್ಟು ದೂರ ನಡೀತಾಳೆ. ಆ ಮುಖ ಎಲ್ಲೆಲ್ಲೋ ಕಾಣತ್ತೆ, ಒಳ್ಳೇ ಹುಡುಗ ಅವಳ ಬಾಯ್‌ಫ್ರೆಂಡು, ಅವನು ಕೈ ಹಿಡಿದ್ರೂ ಬೆಚ್ಚಿಬೀಳ್ತಾಳೆ. ಕಾಮಿಡಿ ಸೀರೀಸಲ್ಲಿ ಒಂದು ಸೀನಿಗೆ ಮುಗಿಸಬಹುದಾಗಿತ್ತು ಇದನ್ನ. ಇವರು ಕೊನೇ ಸೀಸನ್ ತನಕ ಎಳೀತಾರೆ, ಯಾಕಂದ್ರೆ ಮೈಯಿಂದ ಅದು ಹೋಗೋಕೆ ಅಷ್ಟು ದಿನ ಬೇಕಾಗತ್ತೆ. ಲಾರಿ ನನ್ ತನಗೇ ಬಸ್ಸಲ್ಲಿ ಇಂಥದ್ದೇ ಆಗಿತ್ತು ಅಂತ ಹೇಳ್ಕೊಂಡಿದಾಳೆ. ನೋಡಿದ್ರೇ ಗೊತ್ತಾಗತ್ತೆ, ಆಗದೆ ಇದ್ದೋರಿಗೆ ಆ ಜೀನ್ಸ್ ವಿಷಯ ಹೊಳೀತಾನೇ ಇರ್ಲಿಲ್ಲ. ಏಮಿ ಪಾತ್ರ ಮಾಡಿದ ಏಮಿ ಲೂ ವುಡ್‌ಗೆ 2021ರಲ್ಲಿ ಕಾಮಿಡಿ ನಟನೆಗೆ ಬಾಫ್ಟಾ, ಅಂದ್ರೆ ಬ್ರಿಟನ್ನಿನ ದೊಡ್ಡ ಟಿವಿ ಪ್ರಶಸ್ತಿ, ಬಂತು.

ನಾನು ಆಗ ಪಿಯುಸಿ. ಸಿಟಿ ಬಸ್ಸು, ಕಿಟಕಿ ಪಕ್ಕದ ಸೀಟು, ತೊಡೆ ಮೇಲೆ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕು, ಬ್ರೌನ್ ಪೇಪರ್ ಹೊದಿಕೆ ಹಾಕಿದ್ದು. ಪಕ್ಕದಲ್ಲಿ ಬಂದು ಕೂತೋನು ಟೈಮ್ ಕೇಳ್ದ. ಎಂಟೂ ಇಪ್ಪತ್ತು ಅಂದೆ. ಆಮೇಲೆ ಅವನ ಕೈ ಆ ರೆಕಾರ್ಡ್ ಬುಕ್ಕಿನ ಕೆಳಗೆ ಬಂತು. ನಾನು ಕೂಗ್ಲಿಲ್ಲ. ಎರಡು ಸ್ಟಾಪ್ ಮುಂಚೆನೇ ಇಳ್ಕೊಂಡು ನಡ್ದೆ, ಲ್ಯಾಬಿಗೆ ಲೇಟಾಯ್ತು, ಯಾಕೆ ಅಂದ್ರೆ ಬಸ್ ಸಿಗ್ಲಿಲ್ಲ ಅಂದೆ. ಮನೆಗೆ ಹೋಗಿ ಮಾಡಿದ ಮೊದಲನೇ ಕೆಲಸ ರೆಕಾರ್ಡಿಗೆ ಹೊಸ ಬ್ರೌನ್ ಪೇಪರ್ ಹಾಕಿದ್ದು. ಹಳೇದು ಹರಿದೇನೂ ಇರ್ಲಿಲ್ಲ. ಏಮಿ ಜೀನ್ಸ್ ಉಜ್ಜೋದನ್ನ ಯೋಚ್ನೆ ಮಾಡೋ ಹುಡುಗಿ ಅಂದ್ರೆ ನಾನು ರೆಕಾರ್ಡಿಗೆ ಪೇಪರ್ ಬದಲಾಯಿಸಿದ ಹುಡುಗಿ, ಇಷ್ಟು ವರ್ಷ ಆದ್ಮೇಲೆ ಅದು ನೆನಪಾಗಿದ್ದು ಆ ಎಪಿಸೋಡ್ ನೋಡಿದ ರಾತ್ರಿ.

ಅದಕ್ಕೂ ಮುಂಚೆ, ಕಾಲೇಜು ಶುರುವಾದ ದಿನ, ಅಮ್ಮ ದುಪಟ್ಟಾಗೆ ಒಂದು ದೊಡ್ಡ ಸೇಫ್ಟಿ ಪಿನ್ ಚುಚ್ಚಿ ಕಳಿಸಿದ್ಲು. "ಬಸ್ಸಲ್ಲಿ ಬೇಕಾಗತ್ತೆ, ಇಟ್ಕೋ" ಅಂದ್ಲು. ಯಾಕೆ ಬೇಕಾಗತ್ತೆ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಮ್ಮನೇಲಿ ನಂಗೆ ಸಿಕ್ಕ ಲೈಂಗಿಕ ಶಿಕ್ಷಣ ಆ ಒಂದು ಪಿನ್ನು. ಅಮ್ಮನ ಮೇಲೆ ಕೋಪ ಇಲ್ಲ ನಂಗೆ, ಅವಳ ಹತ್ರ ಅದಕ್ಕೆ ಮಾತೇ ಇರ್ಲಿಲ್ಲ, ಪಿನ್ ಇತ್ತು, ಇದ್ದಿದ್ದನ್ನ ಕೊಟ್ಲು. ಆದ್ರೆ ಮಾತಿಲ್ಲದೆ ಬರೀ ಪಿನ್ ಕೊಟ್ರೆ, ಚುಚ್ಚೋಕೆ ಕೈ ಏಳಲ್ಲ. ನಂಗೆ ಅವತ್ತು ಪಿನ್ ಇದ್ದಿದ್ದು ನೆನಪಿಗೂ ಬರ್ಲಿಲ್ಲ.

ಎರಡನೇ ಸೀಸನ್ನಿನ ಏಳನೇ ಎಪಿಸೋಡು. ಆರು ಹುಡುಗೀರಿಗೆ ಶಾಲೇಲಿ ಪನಿಶ್ಮೆಂಟು, ಒಂದೇ ರೂಮಲ್ಲಿ ಕೂತು ಹೆಣ್ಣುಮಕ್ಕಳಾಗಿ ನಿಮ್ಮೆಲ್ಲರನ್ನೂ ಒಂದು ಮಾಡೋದು ಏನು ಅಂತ ಹೇಳ್ಬೇಕು. ಒಬ್ರಿಗೊಬ್ರು ಆಗಲ್ಲ, ಒಬ್ಬಳ ಇಷ್ಟ ಇನ್ನೊಬ್ಬಳಿಗೆ ಕಷ್ಟ. ಜಗಳ ಜೋರಾಗ್ತಿದ್ದಾಗ ಏಮಿ ಅಳೋಕೆ ಶುರು ಮಾಡ್ತಾಳೆ, ಬಸ್ ಹತ್ತೋಕಾಗ್ತಿಲ್ಲ ಅಂತಾಳೆ. ಆಗ ಒಬ್ಬೊಬ್ಬಳದ್ದೇ ಕತೆ ಹೊರಗೆ ಬರತ್ತೆ. ಆರೂ ಜನಕ್ಕೂ ಒಂದೊಂದು ಇದೆ. ಅವರೆಲ್ಲರಲ್ಲೂ ಕಾಮನ್ ಆಗಿ ಸಿಕ್ಕಿದ್ದು ಅದೊಂದೇ. ಗುಜರಿ ಸಾಮಾನಿನ ಜಾಗಕ್ಕೆ ಹೋಗಿ ಸಿಟ್ಟು ತೀರೋ ತನಕ ಒಡೀತಾರೆ. ಮಾರನೇ ಬೆಳಿಗ್ಗೆ ಏಮಿ ಬಸ್ ಸ್ಟಾಪಿಗೆ ಬಂದ್ರೆ ಐದೂ ಜನ ಅಲ್ಲಿ ನಿಂತಿದಾರೆ. ಎಲ್ರೂ ಹತ್ತಿ ಹಿಂದಿನ ಸೀಟಲ್ಲಿ ಸಾಲಾಗಿ ಕೂರ್ತಾರೆ. ಅಲ್ಲಿ ಭಾಷಣ ಇಲ್ಲ. ಆ ಸೀನ್ ಮುಗಿದ್ಮೇಲೆ ಫೋನ್ ಕೆಳಗಿಟ್ಟು ಎಷ್ಟೋ ಹೊತ್ತು ಸೀಲಿಂಗ್ ನೋಡ್ತಾ ಮಲಗಿದ್ದೆ.

ಇದೆಲ್ಲ ತೋರಿಸಿದ್ರೆ ಮಕ್ಕಳು ಕೆಡ್ತಾರೆ ಅಂತ ಹೇಳೋರಿಗೆ ನನ್ನ ಉತ್ತರ ಇಷ್ಟೇ, ತೋರಿಸದೆ ಇದ್ದಾಗ ನಾವು ಏನಾಗಿದ್ವಿ ಅಂತ ಮೇಲೆ ಬರ್ದಿದೀನಿ. ಸೀರೀಸ್ ದೊಡ್ಡೋರಿಗೇ ಮಾಡಿದ್ದು, ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ನೋಡಿ ಅಂತ ನಾನು ಹೇಳಲ್ಲ, ಮೊದಲ ಸೀನೇ ನಿಮ್ಮನ್ನ ರಿಮೋಟ್ ಹುಡುಕೋ ಹಾಗೆ ಮಾಡತ್ತೆ. ಆದ್ರೆ ಅಪ್ಪ ಅಮ್ಮ ನೋಡ್ಬೇಕು. ಅಲ್ಲಿನೋರೇನು ಹುಟ್ಟುತ್ತಲೇ ನಾಚಿಕೆ ಬಿಟ್ಟೋರಲ್ಲ, ಸಂಬಂಧ ಮತ್ತು ಲೈಂಗಿಕತೆ ಪಾಠ ಇಂಗ್ಲೆಂಡಿನ ಎಲ್ಲ ಹೈಸ್ಕೂಲಿಗೂ ಕಡ್ಡಾಯ ಆಗಿದ್ದೇ 2020ರ ಸೆಪ್ಟೆಂಬರಿಂದ. ಮೂರನೇ ಸೀಸನ್ನಲ್ಲಿ ಹೊಸ ಹೆಡ್ ಮಿಸ್ ಹೋಪ್ ಬರ್ತಾಳೆ, ಯೂನಿಫಾರ್ಮ್ ತರ್ತಾಳೆ, ಕಾರಿಡಾರಿಗೆ ಗೆರೆ ಎಳೆದು ಸಾಲಲ್ಲಿ ನಡೀರಿ ಅಂತಾಳೆ. ಅವಳನ್ನೂ ರಾಕ್ಷಸಿ ಮಾಡಿ ಬಿಟ್ಟಿಲ್ಲ, ಮಗು ಆಗದ ಅವಳ ನೋವನ್ನೂ ತೋರಿಸ್ತಾರೆ.

ಇನ್ನೊಂದು ವಿಷಯ, ಇಂಥಾ ಸೀನುಗಳಿಗೆ ಸೆಟ್ಟಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಇಟ್ಟಿದ್ರು, ಇಟಾ ಓಬ್ರಿಯನ್ ಅಂತ. ಫೈಟ್ ಸೀನಿಗೆ ಮಾಸ್ಟರ್ ಇರ್ತಾರಲ್ಲ ಹಾಗೆ, ಯಾರ ಕೈ ಎಲ್ಲಿ, ಯಾರ ಒಪ್ಪಿಗೆ ಎಷ್ಟು ಅಂತ ಮೊದಲೇ ಮಾತಾಡಿ ಮಾಡೋದು. ಒಪ್ಪಿಗೆ ಬಗ್ಗೆ ಕತೆ ಹೇಳೋರು ಸೆಟ್ಟಲ್ಲೂ ಅದನ್ನ ಪಾಲಿಸಿದಾರೆ ಅಂತ ಗೊತ್ತಾಗಿ ಗೌರವ ಹೆಚ್ಚಾಯ್ತು.

ನಾಲ್ಕನೇ ಸೀಸನ್ ನಂಗೆ ಅಷ್ಟು ಹಿಡಿಸ್ಲಿಲ್ಲ. ಹೊಸ ಕಾಲೇಜು, ಹೊಸ ಮುಖಗಳು, ಎಲ್ಲ ಸಮಸ್ಯೆಗೂ ಒಂದೊಂದು ಪಾತ್ರ ಅನ್ನೋ ಥರ ತುಂಬಿಸಿದಾರೆ, ಯಾರ ಜೊತೆನೂ ಕೂತು ಮಾತಾಡಿದ ಹಾಗಾಗಲ್ಲ. ಹೆರಿಗೆ ಆದ್ಮೇಲೆ ಜೀನ್ ಖಿನ್ನತೆಗೆ ಜಾರೋದು ಮಾತ್ರ ಚೆನ್ನಾಗಿದೆ, ಊರಿಗೆಲ್ಲ ಬುದ್ಧಿ ಹೇಳೋ ಡಾಕ್ಟರಮ್ಮ ತನ್ನ ಮಗು ಅಳೋವಾಗ ದಿಕ್ಕು ತೋಚದೆ ಕೂತಿರ್ತಾಳೆ.

ಅದೇ ಜೀನ್ ಹತ್ರ ಮೂರನೇ ಸೀಸನ್ನಲ್ಲಿ ಏಮಿ ಹೋಗ್ತಾಳೆ. ಆ ಗಂಡಸನ್ನ ನೋಡಿ ತಾನು ನಕ್ಕಿದ್ದೆ, ಅದಕ್ಕೇ ಹಾಗಾಯ್ತೇನೋ ಅಂತ ಹೇಳ್ತಾಳೆ. ಅವತ್ತಿಂದ ಯಾರನ್ನೂ ನೋಡಿ ಮೊದಲಿನ ಥರ ನಗೋಕಾಗ್ತಿಲ್ಲ. ಜೀನ್ ನಿಧಾನಕ್ಕೆ, ಅವನು ಮಾಡಿದ್ದಕ್ಕೂ ನಿನ್ನ ನಗುವಿಗೂ ಏನೇನೂ ಸಂಬಂಧ ಇಲ್ಲ, ಅದು ಪೂರ್ತಿ ಅವನದ್ದು ಅನ್ನೋದನ್ನ ಮನದಟ್ಟು ಮಾಡಿಸ್ತಾಳೆ. ನಾನು ಅಲ್ಲೇ ನಿಲ್ಲಿಸ್ದೆ. ಹಿಂದಕ್ಕೆ ಹೋಗಿ ಮತ್ತೆ ಕೇಳ್ದೆ, ಮತ್ತೆ ಕೇಳ್ದೆ.

ಮಾರನೇ ದಿನ ಅಕ್ಕನಿಗೆ ಫೋನ್ ಮಾಡ್ದೆ. ಬಸ್ಸಿನ ವಿಷಯ ಮೊದಲನೇ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಎಲ್ಲ ಹೇಳಿ, "ಅಕ್ಕಾ, ನಾನು ಅವನಿಗೆ ಟೈಮ್ ಹೇಳ್ದೆ ಕಣೇ, ಹೇಳ್ದೇ ಇದ್ದಿದ್ರೆ..." ಅಂದೆ. ಆ ಕಡೆ ಕುಕ್ಕರ್ ಕೂಗ್ತಾ ಇತ್ತು, ಅವಳು ಹೋಗಿ ಆಫ್ ಮಾಡಿ ಬಂದ್ಲು.

"ಟೈಮ್ ಕೇಳ್ದ, ಟೈಮ್ ಹೇಳ್ದೆ. ಅಷ್ಟೇ ಕಣೇ ನೀನು ಮಾಡಿದ್ದು" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ನಂದು ಟ್ರೈನಲ್ಲಿ" ಅಂದ್ಲು.

ಈಗ ಇಬ್ರೂ ಮೊದಲಿಂದ ನೋಡ್ತಿದೀವಿ, ಅವಳು ಅವಳ ಮನೇಲಿ, ನಾನು ನಮ್ಮನೇಲಿ, ರಾತ್ರಿ ಒಂಬತ್ತಕ್ಕೆ ಇಬ್ರೂ ಒಟ್ಟಿಗೆ ಪ್ಲೇ ಒತ್ತೋದು. ನಾನು ಟಿವೀಲೇ ಹಾಕ್ತೀನಿ, ಹಾಲಲ್ಲಿ, ಸೌಂಡ್ ಇಟ್ಕೊಂಡು.