ಕಾಯುವ ತಿಂಗಳನ್ನು ಕಳೆದುಕೊಂಡ ಹಬ್ಬ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಾವಿರುವ ಕಡೆ ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬದ ಕುಂಬಳಕಾಯಿಗಳು ಮನೆ ಬಾಗಿಲಲ್ಲಿರುವಾಗಲೇ ಅಂಗಡಿಗಳಿಗೆ ಕ್ರಿಸ್‌ಮಸ್ ಮರಗಳು ಬಂದುಬಿಡುತ್ತವೆ. ಡಿಸೆಂಬರ್ 26ಕ್ಕೆ ಅದೇ ಸರಕಿಗೆ ಅರ್ಧ ಬೆಲೆ, ಪಕ್ಕದ ಕೌಂಟರಿನಲ್ಲಿ ಉಡುಗೊರೆ ಹಿಂದಿರುಗಿಸುವವರ ಸಾಲು. ಬೆಲೆ ನಮೂದಿಸದ ರಸೀದಿಯೊಂದನ್ನು ಉಡುಗೊರೆಯ ಡಬ್ಬಿಯಲ್ಲೇ ಇಟ್ಟು ಕೊಡುವುದು ಇಲ್ಲಿ ಮರ್ಯಾದೆಯ ಲಕ್ಷಣ. ಪಡೆದವರಿಗೆ ಇಷ್ಟವಾಗದಿದ್ದರೆ ಬದಲಾಯಿಸಿಕೊಳ್ಳಲಿ ಎಂಬ ಸದುದ್ದೇಶ ಅದರ ಹಿಂದಿದೆ, ನಿಜ. ಆದರೂ ಆ ಚೀಟಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚರ್ಚಿನ ಲೆಕ್ಕವೇ ಬೇರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅಡ್ವೆಂಟ್, ಕಾಯುವ ಕಾಲ. ಹಬ್ಬ ಶುರುವಾಗುವುದೇ 25ರಂದು. ಅದು ಜನವರಿ 6ರ ಎಪಿಫನಿಯವರೆಗೂ, ಅಂದರೆ ಜ್ಞಾನಿಗಳು ಶಿಶು ಯೇಸುವನ್ನು ಕಂಡದ್ದನ್ನು ನೆನೆಯುವ ಹಬ್ಬದವರೆಗೂ, ನಡೆಯಬೇಕು. ಈಗ ಕಾಯಬೇಕಾದ ದಿನಗಳೆಲ್ಲ ಖರೀದಿಗೆ ಹೋಗಿ, ಹಬ್ಬ ಆರಂಭವಾಗುವ ಹೊತ್ತಿಗೆ ಜನ ದಣಿದಿರುತ್ತಾರೆ.

ಇದು ತಾನಾಗಿ ಆದದ್ದಲ್ಲ. ದೇವರಿಗೆ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗ ನವೆಂಬರಿನ ಕೊನೆಯ ಗುರುವಾರ ನಡೆಯುತ್ತಿತ್ತು, ಕ್ರಿಸ್‌ಮಸ್ ಖರೀದಿ ಶುರುವಾಗುತ್ತಿದ್ದುದು ಅದಾದ ಮೇಲೆ. 1939ರಲ್ಲಿ ಆ ಗುರುವಾರ 30ನೇ ತಾರೀಖು ಬಿತ್ತು. ಥ್ಯಾಂಕ್ಸ್‌ಗಿವಿಂಗ್ ಅಷ್ಟು ತಡವಾದರೆ ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದು ಎಂದು ವರ್ತಕರು ಮೊರೆಯಿಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು. ಹಲವು ರಾಜ್ಯಗಳು ಒಪ್ಪದೆ ಹಳೆಯ ದಿನವನ್ನೇ ಆಚರಿಸಿದವು. ನಾಲ್ಕನೇ ಗುರುವಾರ ಎಂದು ಸಂಸತ್ತು ಕಾನೂನು ಮಾಡಿದ್ದು 1941ರಲ್ಲಿ. ಸಾಂಟಾ ಕ್ಲಾಸ್‌ನ ಬಂಡಿ ಎಳೆಯುವ, ಮಕ್ಕಳೆಲ್ಲ ಪ್ರೀತಿಸುವ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದೂ ಅದೇ 1939ರಲ್ಲಿ, ಷಿಕಾಗೋದ ಮಾಂಟ್ಗೊಮರಿ ವಾರ್ಡ್ ಎಂಬ ಅಂಗಡಿ ಕಂಪನಿ ಗಿರಾಕಿಗಳ ಮಕ್ಕಳಿಗೆ ಹಂಚಿದ ಪುಸ್ತಿಕೆಯಲ್ಲಿ.

ನಮ್ಮಲ್ಲೂ ಕಾಯುವ ತಿಂಗಳೊಂದಿದೆ. ಧನುರ್ಮಾಸದಲ್ಲಿ ಮದುವೆ, ಗೃಹಪ್ರವೇಶಗಳಿಲ್ಲ. ಬೆಳಕು ಹರಿಯುವ ಮುನ್ನ ದೇವಸ್ಥಾನದಲ್ಲಿ ಪೂಜೆ, ಬಿಸಿ ಹುಗ್ಗಿಯ ಪ್ರಸಾದ. ಅದರ ಕೊನೆಯ ದಿನಗಳಲ್ಲಿ ಮನೆಯ ಹೆಂಗಸರು ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಸಣ್ಣಗೆ ಹೆಚ್ಚಿ, ಬೆಲ್ಲದ ಚೂರುಗಳ ಜೊತೆ ಬಿಸಿಲಿಗೆ ಹರವುತ್ತಿದ್ದರು. ಸರಿಯಾಗಿ ಒಣಗದಿದ್ದರೆ ಎಳ್ಳು ಅಂಟಿಕೊಳ್ಳುತ್ತದೆ, ಅವಸರ ಮಾಡುವಂತಿಲ್ಲ. ಸಂಕ್ರಾಂತಿಯ ಸಂಜೆ ಎಲ್ಲರೂ ಎಲ್ಲರಿಗೂ ಕೊಡುತ್ತಿದ್ದುದು ಅದೇ ಎಳ್ಳು, ಅದೇ ಬೆಲ್ಲ, ಒಂದು ತುಂಡು ಕಬ್ಬು, ಸಕ್ಕರೆ ಅಚ್ಚು. ಯಾರು ಎಷ್ಟು ಖರ್ಚು ಮಾಡಿದರು ಎಂದು ಅಳೆಯಲು ಅಲ್ಲಿ ದಾರಿಯೇ ಇರಲಿಲ್ಲ. ಈಗ ಅಲ್ಲೂ ಸಿದ್ಧ ಪೊಟ್ಟಣಗಳಿವೆ. ದುಡಿಯುವ ಹೆಣ್ಣುಮಕ್ಕಳಿಗೆ ಅದರಿಂದ ಅನುಕೂಲವಾಗಿದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅಕ್ಷಯ ತೃತೀಯದಂದು ಚಿನ್ನದಂಗಡಿಯ ಮುಂದಿನ ನೂಕುನುಗ್ಗಲಿಗೆ ಮಾತ್ರ ಖಂಡಿತ ಇದೆ.

ಹಾಗೆಂದು ಇಲ್ಲಿಯವರನ್ನು ಹಳಿದು ಸುಮ್ಮನಾಗಲಾರೆ, ಏಕೆಂದರೆ ತಡೆಯೊಡ್ಡಿದ ಜನರೂ ಇಲ್ಲಿದ್ದಾರೆ. ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಮೇನ್ ರಾಜ್ಯಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ದೊಡ್ಡ ಅಂಗಡಿಗಳು ತೆರೆಯುವಂತಿಲ್ಲ. ಕ್ರಿಸ್‌ಮಸ್ ಆಚರಿಸಿದವರಿಗೆ 1659ರಿಂದ 1681ರವರೆಗೆ ಐದು ಷಿಲ್ಲಿಂಗ್ ದಂಡ ಹಾಕುತ್ತಿದ್ದ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ, ನಾಡು ಈ ಮ್ಯಾಸಚೂಸೆಟ್ಸ್. ಭಾನುವಾರ ವ್ಯಾಪಾರ ಕೂಡದೆಂದು ಅವರು ಮಾಡಿದ ಕಟ್ಟಳೆಗಳ ವಂಶದ್ದೇ ಈ ಕಾನೂನು. ಮೂಲ ಏನೇ ಇರಲಿ, ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುವ ಹುಡುಗಿಗೆ ಅದರಿಂದ ಮನೆಯವರ ಜೊತೆ ಒಂದು ಊಟ ಸಿಗುತ್ತದೆ. 2008ರ ಬ್ಲ್ಯಾಕ್ ಫ್ರೈಡೇ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಮರುದಿನದ ರಿಯಾಯಿತಿ ಮಾರಾಟದ ದಿನ, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಬೆಳಗಿನ ಜಾವ ಅಂಗಡಿಯ ಬಾಗಿಲು ತೆರೆದಾಗ ನುಗ್ಗಿದ ಜನರ ಕಾಲ್ತುಳಿತಕ್ಕೆ ಸಿಕ್ಕಿ ಸತ್ತದ್ದು ಅಲ್ಲಿನ ಕೆಲಸಗಾರನೇ.

ಹೊರನಾಡಿನ ನಮ್ಮ ಸಂಘಗಳಿಗೂ ಇದು ಸಂಬಂಧಿಸಿದ್ದು. ಸಭಾಂಗಣ ಸಿಕ್ಕ ಶನಿವಾರ ಸಂಕ್ರಾಂತಿ ಮಾಡುತ್ತೇವೆ, ಅದು ಅನಿವಾರ್ಯ. ಆದರೆ ಬಾಗಿಲಲ್ಲೇ ವಿಮೆಯವರ ಮೇಜು, ನಿವೇಶನ ಮಾರುವವರ ಮೇಜು, ಅವನ್ನು ದಾಟಿದ ಮೇಲೆ ಎಳ್ಳು-ಬೆಲ್ಲದ ತಟ್ಟೆ ಎನ್ನುವುದು ಅನಿವಾರ್ಯವಲ್ಲ. ಪ್ರಾಯೋಜಕರ ಹೆಸರು ಸ್ಮರಣ ಸಂಚಿಕೆಯಲ್ಲಿರಲಿ. ಹಣ ಸಾಲದಿದ್ದರೆ ಊಟದ ಬಾಬತ್ತು ಇಳಿಸೋಣ, ಮನೆಗೊಂದು ಅಡುಗೆ ಮಾಡಿ ತರೋಣ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನು ಇದನ್ನೇ ಕೇಳಲಿದ್ದೇನೆ.