ಲಾರ್ನಕಾದ ತಿಮ್ಮಯ್ಯ ರಸ್ತೆ, ಬೆಂಗಳೂರಿನ ತಿಮ್ಮಯ್ಯ ರಸ್ತೆ

ಸೈಪ್ರಸ್ ದ್ವೀಪದ ಲಾರ್ನಕಾ ಊರಿನಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಹೆಸರಿನ ದೊಡ್ಡ ರಸ್ತೆಯೊಂದಿದೆ. ಗ್ರೀಕ್ ಬೋರ್ಡಿನಲ್ಲಿ ‘ಸ್ತ್ರತಿಗೂ ತಿಮಾಯಾ’ ಎಂದು ಬರೆದಿರುತ್ತದೆ. ಅಲ್ಲಿನ ಅಂಗಡಿಗಳ ಬಿಲ್ಲಿನಲ್ಲಿ ಆ ಹೆಸರಿದೆ. ಪಿಜ್ಜಾ ತರಿಸಿಕೊಳ್ಳಬೇಕಾದರೂ ಆ ಹೆಸರನ್ನೇ ಹೇಳಬೇಕು. ಬೆಂಗಳೂರಿನಲ್ಲೂ ಅವರ ಹೆಸರಿನ ರಸ್ತೆ ಇದೆ, ಇಲ್ಲವೆಂದಲ್ಲ. ಆದರೆ ಆಟೋದವರಿಗೆ ‘ಜನರಲ್ ತಿಮ್ಮಯ್ಯ ರಸ್ತೆ’ ಅಂದು ನೋಡಿ. ‘ರಿಚ್ಮಂಡ್ ರೋಡ್’ ಅನ್ನುವ ತನಕ ಮೀಟರ್ ಬೀಳುವುದಿಲ್ಲ. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಹೆಸರಿಟ್ಟಿದ್ದಾರೆ. ಅದರ ಕಥೆಯೂ ಇದೇ.

ಇಷ್ಟು ಹೇಳಿದರೆ ಸಾಕು, ಊರಿನಲ್ಲಿರುವ ಗೆಳೆಯರು ಶುರು ಮಾಡುತ್ತಾರೆ. ‘ನೋಡು, ಹೊರಗಿನವರು ನೆನೆಸಿಕೊಳ್ಳುತ್ತಾರೆ, ನಾವೇ ಮರೆತುಬಿಟ್ಟೆವು.’ ಈ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಸೈಪ್ರಸ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಆ ರಸ್ತೆ ಚೆನ್ನಾಗಿ ಗೊತ್ತು, ಆ ಮನುಷ್ಯ ಗೊತ್ತಿಲ್ಲ. ಅದೇ ಮಡಿಕೇರಿಯಲ್ಲಿ ಯಾರನ್ನಾದರೂ ಕೇಳಿ. ತಿಮ್ಮಯ್ಯನವರು ಯಾರು, ಯಾವ ಮನೆತನ, ಯಾವ ರೆಜಿಮೆಂಟು, ಎಲ್ಲ ಹೇಳಿ ಕಾಫಿಗೂ ಕೂರಿಸುತ್ತಾರೆ. ನಮ್ಮ ಊರು ಅರಕಲಗೂಡು ಕಡೆ. ಕೊಡಗು ಪಕ್ಕದ ಜಿಲ್ಲೆ. ಹಾಗಾಗಿ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಮರೆವು ಎರಡೂ ಕಡೆ ಇದೆ. ಯಾರು ಯಾವುದನ್ನು ನೆನಪಿಟ್ಟುಕೊಂಡಿದ್ದಾರೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ತಿಮ್ಮಯ್ಯನವರು ಎಂದರೆ ನಮಗೆ ಮೊದಲು ಝೋಜಿ ಲಾ. 1948ರ ನವೆಂಬರ್, ಹನ್ನೊಂದು ಸಾವಿರ ಅಡಿಗೂ ಜಾಸ್ತಿ ಎತ್ತರದ ಕಣಿವೆ ದಾರಿ, ಹಿಮ. ಅಲ್ಲಿಗೆ ಟ್ಯಾಂಕ್ ಹತ್ತಿಸಿ ಲಡಾಖ್ ಕಡೆಯ ದಾರಿ ಬಿಡಿಸಿದರು. ಆಮೇಲೆ 1957ರಿಂದ 1961ರ ತನಕ ಸೇನೆಯ ಮುಖ್ಯಸ್ಥರು. ನಡುವೆ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಟಾಪಟಿ, ರಾಜೀನಾಮೆ, ನೆಹರೂ ಮಾತಿಗೆ ಅದನ್ನು ವಾಪಸ್ ಪಡೆದದ್ದು. ನಮ್ಮ ಕಡೆ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ‘ಅವರ ಮಾತು ಕೇಳಿದ್ದರೆ 1962 ಹಾಗಾಗುತ್ತಿರಲಿಲ್ಲ’ ಎಂಬ ನಿಟ್ಟುಸಿರು ಅದರ ಕೊನೆಯ ಸಾಲು.

ಸೈಪ್ರಸ್‌ನ ಕಥೆ ಶುರುವಾಗುವುದು ಅದಾದ ಮೇಲೆ. ನಿವೃತ್ತರಾಗಿ ಮೂರು ವರ್ಷ ಕಳೆದಿತ್ತು. ಈ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. ಅದರ ಮೊದಲ ದಂಡನಾಯಕರೂ ಭಾರತದವರೇ, ಜನರಲ್ ಗ್ಯಾನಿ. ಜುಲೈನಲ್ಲಿ ತಿಮ್ಮಯ್ಯನವರು ಬಂದರು. ಬಂದು ಒಂದು ತಿಂಗಳಾಗುವಷ್ಟರಲ್ಲಿ ಕೊಕ್ಕಿನಾ ಎಂಬ ಕರಾವಳಿ ಹಳ್ಳಿಯ ಸುತ್ತ ಕಾಳಗ ಹತ್ತಿತು. ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಗ್ರೀಸ್ ಮತ್ತು ತುರ್ಕಿ ನೇರವಾಗಿ ಯುದ್ಧಕ್ಕೆ ಇಳಿಯುತ್ತವೆ ಎಂದು ಜಗತ್ತು ಹೆದರಿದ ವಾರ ಅದು.

ಅವರ ಕೈಲಿದ್ದದ್ದು ಏನು? ಹಲವು ದೇಶಗಳಿಂದ ಬಂದ ಸುಮಾರು ಆರು ಸಾವಿರ ಸೈನಿಕರು. ತಮ್ಮ ಜೀವಕ್ಕೆ ಅಪಾಯ ಬಂದರೆ ಮಾತ್ರ ಗುಂಡು ಹಾರಿಸಬಹುದು ಎಂಬ ಕಟ್ಟಳೆ. ಗೆಲ್ಲುವುದಕ್ಕೆ ಶತ್ರುವೇ ಇಲ್ಲ. ಆ ದಿನಗಳ ಕೆಲಸ ಕೇಳಿದರೆ ಯಾರೂ ಸಿನಿಮಾ ಮಾಡುವುದಿಲ್ಲ. ರಾಜಧಾನಿ ನಿಕೋಸಿಯಾದಿಂದ ಉತ್ತರ ಕರಾವಳಿಯ ಕೈರೀನಿಯಾಕ್ಕೆ ಹೋಗುವ ರಸ್ತೆ ತುರ್ಕರ ಹಿಡಿತದಲ್ಲಿತ್ತು. ಗ್ರೀಕ್ ಜನ ಆ ಕಡೆ ಹೋಗಬೇಕಾದರೆ ವಿಶ್ವಸಂಸ್ಥೆಯ ಜೀಪುಗಳ ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು. ಎರಡು ಕಡೆಯ ಬಂದೂಕುಗಳ ನಡುವೆ ಸಿಕ್ಕಿಕೊಂಡ ಹೊಲದಲ್ಲಿ ರೈತ ಬಿತ್ತಬೇಕು, ಕೊಯ್ಯಬೇಕು. ಅದಕ್ಕೂ ಶಾಂತಿಪಡೆಯವರು ನಿಂತು ಕಾಯಬೇಕು. ಇವತ್ತು ಒಬ್ಬ ಕ್ಯಾಪ್ಟನ್ ಜೊತೆ ಮಾತು, ನಾಳೆ ಒಬ್ಬ ಪಾದ್ರಿ ಜೊತೆ, ನಾಡಿದ್ದು ಒಬ್ಬ ಮುಖ್ತಾರ್ ಜೊತೆ. ಮುಖ್ತಾರ್ ಅಂದರೆ ಇಲ್ಲಿಯ ಹಳ್ಳಿ ಪಟೇಲ. ಈ ಕೆಲಸದ ನಡುವೆಯೇ, 1965ರ ಡಿಸೆಂಬರ್‌ನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು. ಅರವತ್ತೂ ತುಂಬಿರಲಿಲ್ಲ. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು.

ಹೊರದೇಶದಿಂದ ಬಂದ ಸೈನಿಕ, ಇಲ್ಲಿ ಒಂದು ಯುದ್ಧವನ್ನೂ ಗೆದ್ದವನಲ್ಲ. ಅಂಥವರಿಗೆ ಚೀಟಿ, ರಸ್ತೆ. ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲೇ ಇನ್ನೊಬ್ಬ ಜನರಲ್ ಇದ್ದಾರೆ ನೋಡಿ, ಗ್ರಿವಾಸ್. ಬ್ರಿಟಿಷರ ವಿರುದ್ಧ ಸಶಸ್ತ್ರ ಹೋರಾಟ ನಡೆಸಿದವರು. ಕೊಕ್ಕಿನಾ ಕಾಳಗದಲ್ಲಿ ಗ್ರೀಕ್ ಕಡೆಯ ಪಡೆ ಅವರದೇ. ತಿಮ್ಮಯ್ಯನವರ ಕಾಲದಲ್ಲಿ ಇಬ್ಬರೂ ಇದೇ ದ್ವೀಪದಲ್ಲಿದ್ದರು. 1974ರ ಜನವರಿಯಲ್ಲಿ ಗ್ರಿವಾಸ್ ಲಿಮಸೋಲ್‌ನಲ್ಲಿ ತಲೆಮರೆಸಿಕೊಂಡಿದ್ದಾಗ ಸತ್ತರು. ಅಡಗಿದ್ದ ಮನೆಯ ತೋಟದಲ್ಲೇ ಸಮಾಧಿ. ಪ್ರತಿ ಜನವರಿಯಲ್ಲಿ ಅಲ್ಲಿ ಪ್ರಾರ್ಥನೆ, ಹಾರ, ಭಾಷಣ. ಅದರ ಬೆನ್ನಿಗೇ ಜಗಳ. ಒಂದು ಗುಂಪಿಗೆ ಆತ ವೀರ. ಇನ್ನೊಂದು ಗುಂಪಿಗೆ, ಆತ ಕಟ್ಟಿದ ಸಂಘಟನೆಯಿಂದಲೇ ಆ ವರ್ಷದ ದಂಗೆ ನಡೆದು, ಅದನ್ನೇ ನೆಪ ಮಾಡಿಕೊಂಡು ತುರ್ಕಿಯ ಸೇನೆ ನುಗ್ಗಿ, ದೇಶ ಎರಡಾಯಿತು. ತಿಮ್ಮಯ್ಯ ರಸ್ತೆಯ ಬಗ್ಗೆ ಯಾರೂ ಜಗಳ ಆಡಿದ್ದನ್ನು ನಾನು ಕೇಳಿಲ್ಲ.

ಹಾಗಂತ ಸೈಪ್ರಸ್‌ನವರನ್ನು ಸುಮ್ನೆ ಹೊಗಳಲಾರೆ. ಅಂಚೆಚೀಟಿ, ರಸ್ತೆ ಎರಡೂ ಗ್ರೀಕರ ಕೈಯಲ್ಲಿರುವ ಸರ್ಕಾರದ ಕಡೆಯವು. ತಿಮ್ಮಯ್ಯನವರು ಕಾದದ್ದು ಎರಡೂ ಕಡೆಯವರನ್ನು. ನೆನಪಿಗೂ ಇಲ್ಲಿ ಗಡಿ ಬಿದ್ದಿದೆ, ಅಲ್ವಾ?

ಸತ್ತವರನ್ನು ನೆನೆಯುವ ಇವರ ರೀತಿ ನನಗಿಷ್ಟ. ನಲವತ್ತನೇ ದಿನ, ಆಮೇಲೆ ವರ್ಷಕ್ಕೊಮ್ಮೆ, ಚರ್ಚಿನಲ್ಲಿ ಪಾದ್ರಿ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಬೇಯಿಸಿದ ಗೋಧಿಗೆ ಬಾದಾಮಿ, ಒಣದ್ರಾಕ್ಷಿ, ದಾಳಿಂಬೆ ಕಾಳು ಬೆರೆಸಿ ಹಂಚುತ್ತಾರೆ. ಕೋಲಿವಾ ಅನ್ನುತ್ತಾರೆ. ಗುರುತಿಲ್ಲದವರಿಗೂ ಒಂದು ಪೊಟ್ಟಣ ಸಿಗುತ್ತದೆ. ಕೊಡವರಲ್ಲಿ ಸಾವಿನ ಸುದ್ದಿ ಹೇಳಲು ಒಟ್ಟಿಗೆ ಎರಡು ಗುಂಡು ಹಾರಿಸುತ್ತಾರೆ. ಆಮೇಲೆ ಹಿರಿಯರು ಕೈಮಡ ಎಂಬ ಹಿರಿಯರ ಗುಡಿಯಲ್ಲಿ, ಐನ್‌ಮನೆಯ ಅಂದರೆ ಮನೆತನದ ಮೂಲಮನೆಯ ಆಸುಪಾಸಿನಲ್ಲೇ ಇರುತ್ತಾರೆ. ಅವರಿಗೆ ವರ್ಷಕ್ಕೊಮ್ಮೆ ಮಾಂಸದಡುಗೆ, ಮದ್ಯ ಎಡೆ ಇಡಬೇಕು. ಎರಡೂ ಕಡೆ ಸತ್ತವರಿಗೆ ಪಂಕ್ತಿಯಲ್ಲಿ ಎಲೆ ಹಾಕಿಯೇ ಇದೆ.

ಸರ್ಕಾರದ ನೆನಪಿನಲ್ಲಿ ಈ ಬಿಸಿ ಇರುವುದಿಲ್ಲ. ಮಾಣೆಕ್ ಷಾ 2008ರ ಜೂನ್‌ನಲ್ಲಿ ನೀಲಗಿರಿಯ ವೆಲಿಂಗ್ಟನ್‌ನಲ್ಲಿ ತೀರಿಕೊಂಡಾಗ ರಾಷ್ಟ್ರಪತಿ, ಪ್ರಧಾನಿ ಅಂತ್ಯಕ್ರಿಯೆಗೆ ಬರಲಿಲ್ಲ. ರಾಜ್ಯ ದರ್ಜೆಯ ಮಂತ್ರಿಯೊಬ್ಬರು ಬಂದರು. ಫೀಲ್ಡ್ ಮಾರ್ಷಲ್‌ಗೆ ಇಷ್ಟೇನಾ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಅದೇ ನೀಲಗಿರಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಜನರಲ್ ರಾವತ್ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದಾಗ, ರಸ್ತೆಯ ಎರಡೂ ಬದಿ ನಿಂತು ಹೂ ಎಸೆದವರು ಅಲ್ಲಿನ ಸಾಮಾನ್ಯ ಜನ.

ತಿಮ್ಮಯ್ಯನವರ ವಿಷಯದಲ್ಲಿ ನಮ್ಮ ಸರ್ಕಾರ ತಡ ಮಾಡಿತು, ಆದರೆ ಮಾಡಿತು. ಅವರು ಬೆಳೆದ ಮಡಿಕೇರಿಯ ‘ಸನ್ನಿಸೈಡ್’ ಮನೆ ವರ್ಷಗಟ್ಟಲೆ ಆರ್‌ಟಿಒ ಕಚೇರಿಯಾಗಿತ್ತು. ಜನರಲ್ ಆಡಿ ಬೆಳೆದ ಮನೆಯಲ್ಲಿ ಎಲ್‌ಎಲ್‌ಆರ್‌ಗೆ ಕ್ಯೂ! 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಯಿತು, ರಾಷ್ಟ್ರಪತಿ ಕೋವಿಂದ್ ಉದ್ಘಾಟಿಸಿದರು. 2023ರಲ್ಲಿ ಬಸ್ಸೊಂದು ಗುದ್ದಿ ಮಡಿಕೇರಿಯ ವೃತ್ತದಲ್ಲಿದ್ದ ಅವರ ಪ್ರತಿಮೆ ಉರುಳಿತು. ಊರಿಗೆ ಊರೇ ನೊಂದುಕೊಂಡಿತು. ಇದನ್ನು ಮರೆವು ಅನ್ನಲಾಗದು.

ನನ್ನ ತಕರಾರು ಬೇರೆ. ನಾವು ಸೈನಿಕನನ್ನು ಗೆಲುವಿನ ಲೆಕ್ಕದಲ್ಲಿ ಮಾತ್ರ ಅಳೆಯುತ್ತೇವೆ. 1953ರಲ್ಲಿ ಇದೇ ತಿಮ್ಮಯ್ಯನವರು ಕೊರಿಯಾದಲ್ಲಿ ಕೂತು, ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ನಿರ್ಧರಿಸುವ ಆಯೋಗ ನಡೆಸಿದರು. ಎರಡು ಕಡೆಯವರಿಂದಲೂ ಬೈಸಿಕೊಂಡರು. ಸೈಪ್ರಸ್‌ಗೆ ಅವರನ್ನೇ ಆರಿಸಿದ್ದರ ಹಿಂದೆ ಆ ಅನುಭವವಿತ್ತು ಎಂದು ನನ್ನ ಊಹೆ. ಡಿಸೆಂಬರ್ ಬಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಝೋಜಿ ಲಾ ಟ್ಯಾಂಕಿನ ಚಿತ್ರ ಬರುತ್ತದೆ. ಕೊರಿಯಾ ಬರುವುದಿಲ್ಲ, ಕೈರೀನಿಯಾ ರಸ್ತೆ ಬರುವುದಿಲ್ಲ. ಈ ಸಲ ನಾನೇ ಬರೆದು ಹಾಕುತ್ತೇನೆ. ನಮ್ಮ ಚಿಕ್ಕಪ್ಪ ಮಾಜಿ ಸುಬೇದಾರರು. ‘ಅದೆಲ್ಲ ಯುದ್ಧವೇನೋ?’ ಎಂದು ಕೇಳೇ ಕೇಳುತ್ತಾರೆ. ಕೇಳಲಿ, ವಾದ ಮಾಡೋಣ.